ಎಣಿಸಿದೆ, ಹತ್ತೂ ಇವೆ

ಹತ್ತು ಬೆರಳೂ ಇವೆ ಸ್ವಾಮಿ. ಎಣಿಸಿದೀನಿ. ಹನ್ನೆರಡು ಜನರ ಮುಂದೆ, ಗಟ್ಟಿಯಾಗಿ.

ಕೀಲಿ ಇನ್ನೂ ನನ್ನ ಜೇಬಲ್ಲಿದೆ. ಬೀಗ ಎರಡು ತುಂಡಾಗಿ ಕರೆಂಟ್ ಪ್ಯಾನೆಲ್ ಕೆಳಗೆ ಬಿದ್ದಿತ್ತು. ಈ ಕೆಲಸದೋರಿಗೆ ಇಷ್ಟು ಸಾಕು, ಉಳಿದೋರಿಗೆ ಚುಟುಕಾಗಿ: ರಿಪೇರಿ ಮಾಡುವಾಗ ಯಾರೂ ಮಷಿನ್ ಚಾಲೂ ಮಾಡದ ಹಾಗೆ ಮೇನ್ ಸ್ವಿಚ್ ಆಫ್ ಮಾಡಿ ಹಾಕೋ ಬೀಗ ಅದು. ಒಬ್ಬನಿಗೆ ಒಂದು ಬೀಗ, ಒಂದೇ ಕೀಲಿ, ಹಾಕಿದವನೇ ತೆಗೀಬೇಕು. ಜೊತೆಗೆ ನನ್ನ ಫೋಟೋ ಇರೋ ಕೆಂಪು ಟ್ಯಾಗ್. ಬೋಲ್ಟ್ ಕಟರ್ ಹಿಡಿದ ಪುಣ್ಯಾತ್ಮ ನನ್ನ ಮುಖ ನೋಡ್ಕೊಂಡೇ ಕತ್ತರಿಸಿದಾನೆ.

ನಾನು ಸರಕು ಸಾಗಿಸೋ ಕನ್ವೇಯರ್ ಬೆಲ್ಟ್ ಕೆಳಗೆ, ಭುಜದ ತನಕ ಕೈ ತೂರಿಸಿ, ಬೆಲ್ಟ್ ಸುತ್ತೋ ಉರುಳೆಗೆ ಸಿಕ್ಕ ಕಲ್ಲು ಕೀಳ್ತಿದ್ದೆ. ಬೆಲ್ಟ್ ಹೊರಡೋ ಮುಂಚೆ ಎಚ್ಚರಿಸೋ ಸೈರನ್ ಕೂಗ್ತು. ಕೈ ಹೇಗೆ ಎಳ್ಕೊಂಡೆ ನೆನಪಿಲ್ಲ, ಅಂಗಿ ತೋಳು ಹರಿದಿದೆ ಅಷ್ಟೆ. ಆ ಸೈರನ್ ವಾರದಿಂದ ಕೆಟ್ಟು ಕೂತಿತ್ತು. ಮೊನ್ನೆ ರಿಪೇರಿ ಮಾಡಿದ್ದು ನಾನೇ!

ಸೈರನ್ ಕೂಗದೇ ಇದ್ದಿದ್ರೆ? ಪೂರ್ತಿ ವೇಗದಲ್ಲಿ ಬೆಲ್ಟ್ ಸೆಕೆಂಡಿಗೆ 2 ಮೀಟರ್ ಓಡುತ್ತೆ. ಬೆಚ್ಚಿಬಿದ್ದು ಕೈ ಎಳ್ಕೊಳ್ಳೋಕೆ ಕಾಲು ಸೆಕೆಂಡ್ ಅಂದ್ರೂ ಅಷ್ಟರಲ್ಲಿ ಅರ್ಧ ಮೀಟರ್ ಒಳಗೆ. ಬೆರಳಲ್ಲ, ಮೊಣಕೈ.

ನಡುಗ್ತಾ ಹೊರಗೆ ಬಂದ್ರೆ ಸೂಪರ್‌ವೈಸರ್ ಹೇಳ್ತಾರೆ, "ಏನಾಯ್ತೀಗ? ಕೈ ಇದೆಯಲ್ಲ? ಎಲ್ಲಿ, ಬೆರಳು ಎಣಿಸು ನೋಡೋಣ." ನಾನು ಎಣಿಸಿದೆ. ಗೆಳೆಯರೇ, ನಾನು ಎಣಿಸಿದೆ. ಎರಡೂ ಕೈ ಎತ್ತಿ, ಒಂದು, ಎರಡು, ಮೂರು, ಬಾಲವಾಡಿ ಮಗು ಥರ. ಏಳರ ಹತ್ರ ಯಾರೋ ಕಿಸಕ್ಕಂದ್ರು. ಹತ್ತಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ನುಂಗೋಕಾಗ್ತಿಲ್ಲ. ಬಯ್ಯೋದಕ್ಕೆ ಎಷ್ಟೊಂದು ಪದ ಗೊತ್ತಿದ್ದೂ ಬಾಯಿಗೆ ಬಂದಿದ್ದು ಬರೀ ಮಗ್ಗಿ.

"ಸ್ಟಾಪ್ ಒತ್ತಿದ್ರೆ ಸಾಕಿತ್ತು, ಬೀಗದ ನಾಟಕ ಯಾಕೆ" ಅಂದ್ರು. ಅಯ್ಯಾ, ಸ್ಟಾಪ್ ಒತ್ತಿದ್ರೆ ಮೋಟರ್ ನಿಲ್ಲುತ್ತೆ, ಕರೆಂಟ್ ಬಾಗಿಲಲ್ಲೇ ಕಾಯ್ತಿರುತ್ತೆ. ಇನ್ನೊಬ್ಬ ಸ್ಟಾರ್ಟ್ ಒತ್ತಿದ್ರೆ ಮುಗೀತು.

ಹೋಗ್ಲಿ ಬಿಡಿ. ಅವರಿಗೂ ಮೇಲಿಂದ ಒತ್ತಡ, ಗಂಟೆಗೆ ಎಷ್ಟು ಟನ್ ಅಂತ ಫೋನ್ ಮೇಲೆ ಫೋನ್. ಅಲ್ಲ, ಯಾಕ್ರೀ ಬಿಡ್ಬೇಕು? ಹೆಲ್ಮೆಟ್ ಪಟ್ಟಿ ಬಿಗಿದಿಲ್ಲ ಅಂತ ಹೋದ ತಿಂಗಳು ನನಗೆ ಮೆಮೋ ಕೊಟ್ಟೋರು ಇವರೇ! ಕತ್ತರಿಸಿದ್ದು ಯಾರು? ಕತ್ತರಿಸು ಅಂದಿದ್ದು ಯಾರು? ಅಲ್ಲಿದ್ದ ಹನ್ನೆರಡು ಜನರಲ್ಲಿ ಒಬ್ಬರಾದ್ರೂ ಬಾಯಿ ಬಿಡಿ. ಕೊನೇಪಕ್ಷ ನಕ್ಕಿದ್ದು ಯಾಕೆ ಅಂತಾದ್ರೂ ಹೇಳಿ.

ಸಂಜೆ ಫಾರಂ ತುಂಬಿಸಿದ್ರು. ಕಾರಣ ಅನ್ನೋ ಕಡೆ ಮೊದಲೇ ಬರೆದಿತ್ತು: ಕೆಲಸಗಾರನ ಅಜಾಗರೂಕತೆ. ಸಹಿ ಹಾಕಿದೆ. ಹ್ಞೂಂ, ಹಾಕಿದೆ. ಬಯ್ಯೋರು ಬಯ್ಯಿರಿ.

ಹೊಸ ಬೀಗ ಕೇಳೋಕೆ ಸ್ಟೋರ್ಸಿಗೂ ಹೋಗಿದ್ದೆ. ಹಳೇದನ್ನ ಸುಸ್ಥಿತಿಯಲ್ಲಿ ವಾಪಸ್ ಕೊಟ್ರೆ ಮಾತ್ರ ಹೊಸದಂತೆ.