ಮತ್ತಿ ಮರ ಮತ್ತು ನನ್ನ ಬೆರಳು

ಮೊದಲು ಬಂದದ್ದು ಆಂಪ್ಲಿಫೈಯರ್. ಗಿಟಾರ್ ಬರಲು ಇನ್ನೂ ಒಂಬತ್ತು ದಿನ ಇತ್ತು. ವಾಲಗದವರು ಬಂದು ಚಪ್ಪರದಲ್ಲಿ ಕೂತಾಗಿದೆ, ಮದುಮಗನದೇ ಪತ್ತೆಯಿಲ್ಲ ಅನ್ನುವ ಹಾಗೆ.

ಸುಮ್ಮನಿರಲಾಗಲಿಲ್ಲ. ರಾತ್ರಿ ಊಟ ಆದ ಮೇಲೆ ಅದನ್ನೇ ಪ್ಲಗ್ಗಿಗೆ ಹಾಕಿ, ಕೇಬಲ್ಲಿನ ಒಂದು ತುದಿ ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿದೆ. ಗುಂಯ್ ಅಂತ ದಪ್ಪನೆಯ ಸದ್ದು. ಗೋಡೆಯೊಳಗೆ ಓಡಾಡುವ ಕರೆಂಟಿನ ಸದ್ದಂತೆ ಅದು, ಸೆಕೆಂಡಿಗೆ 50 ಸಲ ನಡುಗುತ್ತದೆ, ನಮ್ಮ ಮೈ ಅದನ್ನು ಆಂಟೆನಾ ಥರ ಹಿಡಿದುಕೊಳ್ಳುತ್ತದೆ. ಪಾಶ್ಚಾತ್ಯ ಲೆಕ್ಕದಲ್ಲಿ 49 ಹರ್ಟ್ಸ್ ಇದ್ದರೆ ಜಿ ಸ್ವರ. ಅಂದರೆ ಇಡೀ ದೇಶದ ಗೋಡೆಗಳು ಹಗಲೂ ರಾತ್ರಿ ಕೊಂಚ ಅಪಶ್ರುತಿಯ ಜಿ ಹಿಡಿದು ತಂಬೂರಿ ಮೀಟುತ್ತಾ ಕೂತಿವೆ. ಈ ಸಂಗತಿ ಹೆಂಡತಿಗೆ ಹೇಳಿದೆ. "ಮಗಳು ಹುಟ್ಟೋ ಹೊತ್ತಿಗೂ ನೀವು ಇಷ್ಟೊಂದು ಒದ್ದಾಡಿರಲಿಲ್ಲ" ಅಂದಳು.

ಒದ್ದಾಡುವುದಕ್ಕೆ ಕಾರಣ ಇದೆ. ನನಗೀಗ 43. ನಾನು ಮೊದಲ ಸಲ ಗಿಟಾರ್ ಕೊಂಡದ್ದು 19ಕ್ಕೆ, ಶಿವಮೊಗ್ಗದಲ್ಲಿ ಓದುವಾಗ. ಆ ವರ್ಷ ಅಡಿಕೆಗೆ ರೇಟು ಚೆನ್ನಾಗಿತ್ತು, ಅಪ್ಪಯ್ಯ ಏನೂ ಕೇಳದೆ ದುಡ್ಡು ಕೊಟ್ಟರು. ಮರದ ಸಾದಾ ಗಿಟಾರು, ಅಕೌಸ್ಟಿಕ್. ಅಂಗಡಿಯವನು ಗೋಡೆಯಿಂದ ಇಳಿಸಿ ಧೂಳು ಒರೆಸಿ ಕೊಟ್ಟ. ಅದರ ತಂತಿಗಳು ಎಷ್ಟು ಎತ್ತರದಲ್ಲಿದ್ದವು ಅಂದರೆ, ಹನ್ನೆರಡನೇ ಫ್ರೆಟ್ಟಿನ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಹತ್ತಿರ ತಂತಿಗೂ ಹಲಗೆಗೂ ನಡುವೆ ಒಂದು ಪೆನ್ಸಿಲ್ ತೂರಿಸಬಹುದಿತ್ತು. ಉತ್ಪ್ರೇಕ್ಷೆ ಅಲ್ಲ, ನಟರಾಜ್ ಪೆನ್ಸಿಲ್ ತೂರಿಸಿಯೇ ನೋಡಿದ್ದೆ. ಎಫ್ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವ ಒಂದು ಹಿಡಿತ, ಹಿಡಿಯಲು ತೋರುಬೆರಳನ್ನು ಆರೂ ತಂತಿಗೆ ಅಡ್ಡ ಒತ್ತಬೇಕು. ಒತ್ತಿದರೆ ಎರಡು ತಂತಿ ನುಡಿಯುತ್ತಿದ್ದವು, ನಾಲ್ಕು ಟಪ್ ಟಪ್ ಅನ್ನುತ್ತಿದ್ದವು. ಬೆರಳ ತುದಿ ಒಡೆದು ರಕ್ತ ಬಂತು. ಹೇಳಿಕೊಡುತ್ತಿದ್ದವರು ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ನಿನ್ನ ಬೆರಳು ಗಿಡ್ಡ, ಇದು ನಿನಗಾಗೋದಲ್ಲ" ಅಂದರು. ನಾನು ನಂಬಿದೆ. ಗಿಟಾರು ಅಟ್ಟಕ್ಕೆ ಹೋಯಿತು. ಇಪ್ಪತ್ತನಾಲ್ಕು ವರ್ಷ ಯಾರಾದರೂ ಕೇಳಿದರೆ "ನಂಗೆ ಬೆರಳು ಗಿಡ್ಡ" ಅಂತಲೇ ಹೇಳಿಕೊಂಡು ಬಂದೆ, ರಕ್ತದ ಗುಂಪು ಹೇಳಿದಷ್ಟೇ ಖಚಿತವಾಗಿ.

ನಮ್ಮಲ್ಲಿ ಒಂದು ಬುದ್ಧಿವಾದ ಇದೆ, ಕೊಡದವರೇ ಇಲ್ಲ. "ಮೊದಲು ಕಡಿಮೆದ್ರಲ್ಲಿ ಕಲಿ. ಬಂದರೆ ಆಮೇಲೆ ಒಳ್ಳೇದು ತಗೊಂಡ್ರಾಯ್ತು." ಗಿಟಾರಿನ ವಿಷಯಕ್ಕೆ ಬಂದರೆ ಅದಕ್ಕೊಂದು ಬಾಲ ಸೇರುತ್ತದೆ: "ಮೊದಲು ಅಕೌಸ್ಟಿಕ್, ಆಮೇಲೆ ಎಲೆಕ್ಟ್ರಿಕ್." ಕೇಳಲು ನ್ಯಾಯವಾಗಿದೆ. ಆದರೆ ಲೆಕ್ಕ ನೋಡಿ. ಅಕೌಸ್ಟಿಕ್ ಗಿಟಾರಿನ ತೆಳು ತಂತಿ ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ 12 ಭಾಗ ದಪ್ಪ. ಎಲೆಕ್ಟ್ರಿಕ್‌ನದು 9 ಭಾಗ, ಮಿಲಿಮೀಟರಿಗೆ ಇಳಿಸಿದರೆ ಕಾಲು ಮಿಲಿಮೀಟರೂ ಇಲ್ಲ. ಅದೇ ಸ್ವರಕ್ಕೆ ಶ್ರುತಿ ಮಾಡಿದರೆ ತೆಳು ತಂತಿಯ ಬಿಗಿತ ಎಷ್ಟೋ ಕಡಿಮೆ. ಮರದ ಪೆಟ್ಟಿಗೆಯನ್ನು ಅಲುಗಾಡಿಸಿ ಸದ್ದು ಹೊರಡಿಸುವ ಜವಾಬ್ದಾರಿಯೂ ಆ ತಂತಿಗಿಲ್ಲ, ಅದಕ್ಕೆ ಆಂಪ್ಲಿಫೈಯರ್ ಇದೆ. ಕಲಿಯುವವನ ಬೆರಳಿಗೆ ಹಗುರವಾದದ್ದನ್ನು ಪರೀಕ್ಷೆ ಪಾಸಾದ ಮೇಲೆ ಕೊಡುತ್ತೇವೆ, ಕಷ್ಟದ್ದನ್ನು ಮೊದಲ ದಿನವೇ ಕೊಡುತ್ತೇವೆ. ಈಜು ಕಲಿಯುವವನನ್ನು ಮಳೆಗಾಲದ ತುಂಗೆಗೆ ಇಳಿಸಿ, ಬದುಕಿ ಬಂದರೆ ಕೆರೆ ತೋರಿಸುವ ಕ್ರಮ ಇದು.

ಈ ವರ್ಷ ಸ್ನೇಹಿತನ ಮನೆಯಲ್ಲಿ ಅವನ ಮಗನ ಎಲೆಕ್ಟ್ರಿಕ್ ಗಿಟಾರ್ ಸುಮ್ಮನೆ ತೊಡೆ ಮೇಲಿಟ್ಟುಕೊಂಡೆ. ಮರೆತುಹೋಗಿದೆ ಅಂದುಕೊಂಡಿದ್ದ ಎಫ್ ಕಾರ್ಡ್ ಹಿಡಿದೆ. ಆರಕ್ಕೆ ಆರೂ ತಂತಿ ನುಡಿದವು. ಮನೆಗೆ ಬರುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಕೈ ನೋಡಿಕೊಂಡೆ.

ಸರಿ, ಯಾವುದು ಕೊಳ್ಳುವುದು? ಒಂದು ತಿಂಗಳು ಇದರಲ್ಲೇ ಹೋಯಿತು, ಆ ಪುರಾಣ ಬೇಡ. ಕೊನೆಗೆ ಸ್ಟ್ರಾಟೊಕ್ಯಾಸ್ಟರ್ ಅಂತ ಆಯಿತು. ಫೆಂಡರ್ ಕಂಪನಿಯ ಅಮೆರಿಕದ್ದಕ್ಕೆ ಕೈ ಹಾಕುವ ಶಕ್ತಿ ಇಲ್ಲ, ಅವರದೇ ಕಿರಿಯ ಬ್ರ್ಯಾಂಡ್ ಸ್ಕ್ವೈಯರ್‌ನದು, ಅರವತ್ತರ ದಶಕದ ಮಾದರಿ, ಇಂಡೋನೇಷ್ಯಾದಲ್ಲಿ ತಯಾರಾದದ್ದು. ಬೆಲೆ ಹೇಳುವುದಿಲ್ಲ, ಹೆಂಡತಿ ಫೇಸ್‌ಬುಕ್ ನೋಡುತ್ತಾಳೆ. ಸುಮಾರು ಅರ್ಧ ಸ್ಕೂಟರ್ ಅಂತಿಟ್ಟುಕೊಳ್ಳಿ.

ಈ ಸ್ಟ್ರಾಟೊಕ್ಯಾಸ್ಟರ್ ಬಂದದ್ದು 1954ರಲ್ಲಿ. ಅದರ ಹಿಂದಿದ್ದ ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಇದನ್ನು ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಗಿಟಾರನ್ನು ಅವನು ರಿಪೇರಿಯವನ ಕಣ್ಣಿನಿಂದಲೇ ನೋಡಿದ. ಕುತ್ತಿಗೆಯನ್ನು ಅಂಟು ಹಾಕಿ ಕೂರಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿದ. ಹಾಳಾದರೆ ಬಿಚ್ಚು, ಬೇರೆ ಹಾಕು. ಕುದುರೆಯ ಮೇಲೆ ಪ್ರತಿ ತಂತಿಗೂ ಬೇರೆ ಬೇರೆ ತಿರುಪು ಇಟ್ಟ, ಯಾವ ತಂತಿ ಎಷ್ಟೆತ್ತರ ಬೇಕೋ ಅಷ್ಟಕ್ಕೆ ನಿಲ್ಲಿಸಿಕೊಳ್ಳಬಹುದು. ವೀಣೆಯವರು ಕುದುರೆ ಅನ್ನುತ್ತಾರಲ್ಲ, ಗಿಟಾರಿನವರು ಅದನ್ನೇ ಬ್ರಿಜ್ ಅನ್ನುತ್ತಾರೆ. ನನಗೆ ಕುದುರೆಯೇ ಇಷ್ಟ.

ಸದ್ದು ಬರುವ ಬಗೆಯೂ ರೇಡಿಯೊ ರಿಪೇರಿಯವನಿಗೆ ಒಗ್ಗುವಂಥದ್ದೇ. ತಂತಿಯ ಕೆಳಗೆ ಆಯಸ್ಕಾಂತಗಳು, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು, ಇದಕ್ಕೇ ಪಿಕಪ್ ಅನ್ನುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ಸಣ್ಣಗೆ ಕರೆಂಟ್ ಹುಟ್ಟುತ್ತದೆ. ನಮ್ಮ ಹಳೇ ಸೈಕಲ್ಲುಗಳ ಡೈನಮೊ ಕೆಲಸ ಮಾಡುತ್ತಿದ್ದದ್ದೂ ಇದೇ ತತ್ವದ ಮೇಲೆ, ಅಲ್ಲಿ ಚಕ್ರ, ಇಲ್ಲಿ ತಂತಿ. ನೈಲಾನ್ ತಂತಿ ಹಾಕಿದರೆ ಈ ಪಿಕಪ್ಪಿಗೆ ಕಿವಿಯೇ ಕೇಳುವುದಿಲ್ಲ.

ಇನ್ನು ಕಾಯುವ ಕತೆ. ಪೆಟ್ಟಿಗೆ ಮುಂಬೈ ಹತ್ತಿರದ ಭಿವಂಡಿಯ ಗೋದಾಮಿಗೆ ಬಂದು ಮೂರು ದಿನ ಅಲ್ಲೇ ಬೇರು ಬಿಟ್ಟಿತು. ನನ್ನ ಜೀವಮಾನದಲ್ಲಿ ಭಿವಂಡಿಯ ಬಗ್ಗೆ ಅಷ್ಟು ಯೋಚಿಸಿರಲಿಲ್ಲ. ಅಲ್ಲಿ ಮಳೆ ಹೇಗಿದೆ ಅಂತ ಹವಾಮಾನ ನೋಡಿದೆ. ಆಫೀಸಿನ ಮೀಟಿಂಗ್ ನಡುವೆ ಟ್ರ್ಯಾಕಿಂಗ್ ಪುಟ ತೆರೆದಿಟ್ಟು ಎಳೆದೆಳೆದು ರಿಫ್ರೆಶ್ ಮಾಡಿದೆ. ಐದನೇ ದಿನ ನೆಲಮಂಗಲ ಅಂತ ಬಂತು. ನೆಲಮಂಗಲ! ಊರಿಂದ ಬರುವಾಗ ಟೋಲ್ ದಾಟಿದ ಕೂಡಲೇ ಮನೆ ಬಂದ ಹಾಗಾಗುತ್ತದಲ್ಲ, ಹಾಗೆ. ಮಾರನೆಯ ದಿನ ರಜೆ ಹಾಕಿ ಕೂತೆ. ಸಂಜೆ ನಾಲ್ಕಕ್ಕೆ ಮೆಸೇಜು: ಗ್ರಾಹಕರು ಮನೆಯಲ್ಲಿಲ್ಲ, ಹಾಗಾಗಿ ವಾಪಸ್. ನಾನು ಬೆಳಗ್ಗೆಯಿಂದ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದೆ, ಬಚ್ಚಲಿಗೆ ಹೋಗುವಾಗ ಮಗಳನ್ನು ಕಾವಲಿಗಿಟ್ಟು ಹೋಗಿದ್ದೆ. ಕಸ್ಟಮರ್ ಕೇರಿನ ಹುಡುಗಿಗೆ ಇದನ್ನೆಲ್ಲ ವಿವರಿಸಿದೆ. ಪಾಪ, ಅವಳು ನಾಲ್ಕು ಸಲ ಕ್ಷಮೆ ಕೇಳಿದಳು.

ಮರುದಿನ ಮಧ್ಯಾಹ್ನ ಬಂತು. ಡೆಲಿವರಿ ಹುಡುಗ ಎತ್ತಿಕೊಂಡು ಮೂರು ಮಹಡಿ ಹತ್ತಿ, "ಏನ್ ಸಾರ್ ಇದು, ಇಷ್ಟುದ್ದ?" ಅಂದ. ಗಿಟಾರು ಅಂದೆ. "ನೀವು ನುಡಿಸ್ತೀರಾ ಸಾರ್?" ಅಂದ. ಇಲ್ಲ ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಓಟಿಪಿ ಕೇಳಿದ.

ಪೆಟ್ಟಿಗೆ ಬಂದ ತಕ್ಷಣ ತೆರೆಯಬಾರದು, ಒಂದು ದಿನ ಹಾಗೇ ಬಿಡಬೇಕು ಅಂತ ಯೂಟ್ಯೂಬಿನವರು ಹೇಳಿದ್ದರು. ಅವರೆಲ್ಲ ಹಿಮ ಬೀಳುವ ಊರಿನವರು. ಕೊರೆಯುವ ಚಳಿಯ ಲಾರಿಯಿಂದ ಬೆಚ್ಚಗಿನ ಮನೆಗೆ ಬಂದ ಗಿಟಾರನ್ನು ಥಟ್ಟನೆ ತೆರೆದರೆ ಮೇಲಿನ ಬಣ್ಣ ಬಿರುಕು ಬಿಡಬಹುದು, ಅದಕ್ಕೆ ಆ ಎಚ್ಚರಿಕೆ. ಕತ್ರಿಗುಪ್ಪೆಯಲ್ಲಿ ಅವತ್ತು ಹೊರಗೂ ಒಳಗೂ ಒಂದೇ ಹವೆ. ಅಡುಗೆಮನೆಯ ಚಾಕು ತಂದು ಟೇಪು ಕೊಯ್ದೆ.

ನಡುವೆ ಜೇನಿನ ಹಳದಿ, ಆಮೇಲೆ ಕೆಂಪು, ಅಂಚಿಗೆ ಹೋದಂತೆ ಕಪ್ಪು. ಸನ್‌ಬರ್ಸ್ಟ್ ಅನ್ನುತ್ತಾರೆ. ಫೋಟೋದಲ್ಲಿ ಸಾವಿರ ಸಲ ನೋಡಿದ್ದರೂ ಕೈಯಲ್ಲಿ ಹಿಡಿದಾಗ ಬೇರೆಯೇ. ಹೊಸ ವಾರ್ನಿಶ್ಶಿನ ವಾಸನೆ ಇತ್ತು, ಶಾಲೆಯ ಮೊದಲ ದಿನದ ಬೆಂಚಿನ ಥರ. ಹನ್ನೆರಡನೇ ಫ್ರೆಟ್ಟಿನ ಹತ್ತಿರ ಕಣ್ಣಿಟ್ಟು ನೋಡಿದೆ. ಪೆನ್ಸಿಲ್ ಬಿಡಿ, ಅದರ ಸೀಸವೂ ಸಲೀಸಾಗಿ ಹೋಗುವಂತಿರಲಿಲ್ಲ.

ರಾತ್ರಿ ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವರಿಗೆ ಪಿಕಪ್ಪು, ನಾಬು ಯಾವುದೂ ಬೇಡ. "ಕೈ ಒತ್ತೋ ಜಾಗದ್ದು ಎಂತ ಮರನೋ ಅದು?" ಅಂದರು. ಕಂಪನಿಯವರು ಇಂಡಿಯನ್ ಲಾರೆಲ್ ಅಂತ ಬರೆದಿದ್ದರು. ಹೆಸರು ಕೇಳಿದರೆ ಯಾವುದೋ ರಾಜಕುಮಾರಿಯ ತೋಟದ್ದು ಅನ್ನಿಸುತ್ತದೆ. ಹುಡುಕಿದೆ. ಮತ್ತಿ! ನಮ್ಮ ಸೊಪ್ಪಿನ ಬೆಟ್ಟದ ತುಂಬ ಮೊಸಳೆ ಚರ್ಮದಂಥ ತೊಗಟೆ ಹೊದ್ದು ನಿಂತಿರುವ ಮತ್ತಿ.

"ಹೊಳೆಮತ್ತಿನಾ, ಕರಿಮತ್ತಿನಾ?"

"ಕರಿಮತ್ತಿ ಅಪ್ಪಯ್ಯ."

"ನಮ್ಮ ಕೊಟ್ಟಿಗೆ ಕಂಬ ಎಂತದ್ದು ಅಂತ ಮಾಡೀಯ? ಅದೇ. ನಿನ್ನ ಅಜ್ಜಯ್ಯ ನಿಲ್ಸಿದ್ದು. ಮೊದ್ಲೇ ಹೇಳಿದ್ರೆ ಒಂದು ಕಂಬ ಕಳಿಸ್ತಿದ್ದೆ, ನಾಲ್ಕು ಗಿಟಾರ್ ಆಗ್ತಿತ್ತು."

ಕೊಟ್ಟಿಗೆ ಕಂಬದ ಮರ ಗಿಟಾರಿಗೆ ಹತ್ತಿದ್ದರ ಹಿಂದೆ ಬೀಟೆಯ ಕತೆ ಇದೆ. ಬೆರಳು ಒತ್ತುವ ಹಲಗೆಗೆ ಜಗತ್ತಿನ ಗಿಟಾರುಗಳು ಬಹುಕಾಲದಿಂದ ಬಳಸುತ್ತಿದ್ದದ್ದು ಬೀಟೆ ಜಾತಿಯ ಮರಗಳನ್ನು, ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಅದರಲ್ಲಿ ಸೇರಿದೆ. ಚೀನಾದ ಪೀಠೋಪಕರಣದ ಬೇಡಿಕೆಗೆ ಏಷ್ಯಾ, ಆಫ್ರಿಕಾಗಳಲ್ಲಿ ಈ ಜಾತಿಯ ಮರಗಳನ್ನು ಕದ್ದು ಕಡಿಯುವುದು ಮಿತಿಮೀರಿದಾಗ, 2017ರ ಜನವರಿಯಿಂದ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದಡಿ ಇಡೀ ಕುಲಕ್ಕೇ ಅಂತರರಾಷ್ಟ್ರೀಯ ನಿರ್ಬಂಧ ಬಂತು. ಒಂದು ಗಿಟಾರು ಮಾರಾಟಕ್ಕೆ ಗಡಿ ದಾಟಬೇಕಾದರೂ ಕಾಗದಪತ್ರ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ, ಅಷ್ಟರಲ್ಲಿ ಕಂಪನಿಗಳು ಬೇರೆ ಮರ ಹುಡುಕಿಕೊಂಡಾಗಿತ್ತು. ಅದರಲ್ಲೊಂದು ಮತ್ತಿ. ನನ್ನ ಗಿಟಾರಿನ ಮತ್ತಿ ಘಟ್ಟದ್ದೇ ಅಂತ ಹೇಳುವಂತಿಲ್ಲ, ಬರ್ಮಾ, ಥಾಯ್ಲೆಂಡಿನ ಕಾಡಲ್ಲೂ ಅದು ಬೆಳೆಯುತ್ತದೆ. ಕೆಲವರು ಮತ್ತಿ ಅಂದರೆ ಮೂಗು ಮುರಿಯುತ್ತಾರೆ, ಬೀಟೆಯ ನುಣುಪು ಇಲ್ಲ ಅಂತ. ಅವರ ಬೆರಳಿಗೆ ಗೊತ್ತಾಗುತ್ತದೋ ಏನೋ. ನನಗಂತೂ ಕೊಟ್ಟಿಗೆ ಕಂಬಕ್ಕೆ ಒರಗಿದ ಹಾಗೇ ಇದೆ.

ಮೊದಲು ಏನು ನುಡಿಸಿದೆ ಅಂತ ಕೇಳಿ. ಯಾವ ರಾಕ್ ಹಾಡೂ ಬರುವುದಿಲ್ಲ ನನಗೆ. ಚಿಕ್ಕಂದಿನಲ್ಲಿ ಅಕ್ಕ ವೀಣೆ ಕಲಿಯುವಾಗ ದಿನಾ ಬೆಳಗ್ಗೆ ಕಿವಿಗೆ ಬೀಳುತ್ತಿದ್ದದ್ದು ಮಾಯಾಮಾಳವಗೌಳದ ಸರಳೆ ವರಸೆ. ಗಿಟಾರಿನಲ್ಲಿ ಒಂದೊಂದು ಫ್ರೆಟ್ಟು ಅರ್ಧರ್ಧ ಸ್ವರ. ಹಾಗಾಗಿ ಒಂದೇ ತಂತಿಯ ಮೇಲೆ, ಬರೀ ತಂತಿ ಮೀಟಿದರೆ ಸ, ಆಮೇಲೆ 1, 4, 5, 7, 8, 11, ಹನ್ನೆರಡರಲ್ಲಿ ಮೇಲಿನ ಸ. ಬರೆದಿಟ್ಟುಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನುಡಿಸಿ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಸ್ವರ ಸರಿ ಇದೆ ಕಣೋ. ಆದ್ರೆ ಟೈಪ್ ಹೊಡೆದ ಹಾಗಿದೆ. ತಂತಿ ಎಳಿ ಸ್ವಲ್ಪ."

ಎಳೆದೆ. ಎಳೆಯಲು ಬಂತು! ಆ ತೆಳು ತಂತಿ ಬೆರಳ ಜೊತೆ ಪಕ್ಕಕ್ಕೆ ಜಾರಿ, ಸ್ವರ ಮೇಲಕ್ಕೆ ಏರಿ ವಾಪಸ್ ಬಂದು ಕೂತಿತು. ಗಮಕ ಅನ್ನುವಷ್ಟು ದೊಡ್ಡ ಮಾತು ಬೇಡ. ಆದರೆ ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ಮ್ಯಾಂಡೊಲಿನ್ನಿಗೆ ಐದೇ ತಂತಿ ಕಟ್ಟಿ, ಅದನ್ನು ಎಲೆಕ್ಟ್ರಿಕ್ ಮಾಡಿಕೊಂಡು ಯಾಕೆ ಕೂತರು ಅನ್ನುವುದು ಆ ಒಂದು ಎಳೆತದಲ್ಲಿ ನನ್ನ ಬೆರಳಿಗೆ ಅಷ್ಟಿಷ್ಟು ತಿಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ "ಎಲ್ಲರೂ ಒಳ್ಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಿ" ಅಂತ ನಾನು ಭಾಷಣ ಬಿಗಿಯಬಹುದಿತ್ತು. ಅಕ್ಕ ಅದನ್ನೂ ಕೆಡಿಸಿದಳು. ಮಾತಿನ ನಡುವೆ ಹಳೇ ಗಿಟಾರಿನ ವಿಷಯ ಬಂತು, ಪೆನ್ಸಿಲ್ ವಿಷಯ ಹೇಳಿದೆ. "ಹಂಗಂದ್ರೆ ಕುದುರೆ ಎತ್ತರ ಆಗಿರ್ಬೇಕು. ನಮ್ಮ ವೀಣೆದು ಮೆಟ್ಟಿಲು ಸರಿ ಇಲ್ದಿದ್ರೆ ಮೇಳ ಕಟ್ಟೋರ ಹತ್ರ ಕೊಡಲ್ವಾ? ನೀನು ಯಾರಿಗೂ ತೋರಿಸಲೇ ಇಲ್ವಾ?" ಅಂದಳು. ಇಪ್ಪತ್ತನಾಲ್ಕು ವರ್ಷ ಪಕ್ಕದ ಕೋಣೆಯಲ್ಲೇ ಇದ್ದ ಉತ್ತರ.

ಕಳೆದ ವಾರ ಊರಿಗೆ ಹೋದಾಗ ಅಟ್ಟ ಹತ್ತಿದೆ. ಜೇಡರ ಬಲೆ ಕೊಡವಿ ಬೆಂಗಳೂರಿಗೆ ತಂದು ರಿಪೇರಿಯವರೊಬ್ಬರಿಗೆ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿದರು. ಒಳಗಿರುವ ಕಬ್ಬಿಣದ ಸರಳನ್ನು ಕೀಲಿ ಹಾಕಿ ಒಂದಿಷ್ಟು ತಿರುಗಿಸಿದರು, ಕುದುರೆಯ ಮೇಲಿನ ಬಿಳಿ ಪಟ್ಟಿ ತೆಗೆದು ಕೆಳಬದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿದರು, ಹೊಸ ತಂತಿ ಹಾಕಿದರು. ಮುಕ್ಕಾಲು ಗಂಟೆಯ ಕೆಲಸ. ಹೊಸ ಗಿಟಾರಿಗೆ ಜೊತೆಗೆ ಕೊಂಡ ಬೆಲ್ಟಿನಷ್ಟೂ ಖರ್ಚಾಗಲಿಲ್ಲ.

ಈಗ ಅದು ಮಗಳದ್ದು. ಅವಳ ಬೆರಳು ನನ್ನದಕ್ಕಿಂತ ಗಿಡ್ಡ, ಒಂಬತ್ತು ವರ್ಷ ಅಷ್ಟೇ. ನಾನು ಹೇಳಿದ್ದ ಕತೆ ನಂಬದೆ, ನಿನ್ನೆ ಹೋಂವರ್ಕ್ ಬಿಟ್ಟು ಕಂಪಾಸ್ ಬಾಕ್ಸಿನಿಂದ ಪೆನ್ಸಿಲ್ ತಂದು ಹನ್ನೆರಡನೇ ಫ್ರೆಟ್ಟಿನ ಹತ್ತಿರ ತೂರಿಸಿ ನೋಡಿದಳು. ಹೋಗಲಿಲ್ಲ.