ಸತ್ಯಾಂಶ: ಕಾಗೆ ತಿನ್ನದೆ ಅರಳಿ ಮೊಳೆಯದೇ?

ಪಿತೃಪಕ್ಷ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಸಂದೇಶ ಹರಿದಾಡುತ್ತದೆ: ‘ಅರಳಿ, ಆಲದ ಬೀಜ ಕಾಗೆಯ ಹೊಟ್ಟೆ ಹಾದುಬಂದರೆ ಮಾತ್ರ ಮೊಳೆಯುತ್ತದೆ.’ ತಪ್ಪಿರುವುದು ಆ ‘ಮಾತ್ರ’ದಲ್ಲಿ.

ಕಾಗೆ ಬೀಜ ಹರಡುವುದು ನಿಜ. ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಮೈನಾ, ಬಾವಲಿಗಳೂ ಹರಡುತ್ತವೆ. ಅವುಗಳ ಮುಖ್ಯ ಕೆಲಸ ಸಾಗಣೆ, ಜೊತೆಗೆ ತಿರುಳು ಬಿಡಿಸುವುದು. ತಿರುಳನ್ನು ಕೈಯಲ್ಲೂ ಬಿಡಿಸಬಹುದು. ಕಳಿತ ಹಣ್ಣನ್ನು ನೀರಲ್ಲಿ ಹಿಸುಕಿ. ತೇಲುವ ಬೀಜಗಳು ಬಹುತೇಕ ಟೊಳ್ಳು, ಹಣ್ಣಿನೊಳಗೇ ಬೆಳೆಯುವ ಪುಟ್ಟ ಕಣಜ ಹುಳುವಿನ ಮರಿ ತಿಂದು ಬಿಟ್ಟಂಥವು. ತಳಕ್ಕಿಳಿದ, ಸಾಸಿವೆಗಿಂತ ಸಣ್ಣ ಬೀಜಗಳನ್ನು ಒದ್ದೆ ಇಟ್ಟಿಗೆಪುಡಿಯ ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ಮೇಲಿಂದ ನೀರು ಸುರಿದರೆ ಬೀಜವೇ ಕೊಚ್ಚಿಹೋಗುತ್ತದೆ. ಕುಂಡವನ್ನು ನೀರಿನ ತಟ್ಟೆಯಲ್ಲಿಡಿ.

ಆಲಕ್ಕಂತೂ ಬೀಜವೂ ಬೇಕಿಲ್ಲ, ಕೊಂಬೆ ನೆಟ್ಟರೂ ಚಿಗುರುತ್ತದೆ.