ಕಮ್ಯುನಿಟಿ ಕಾಲೇಜು: ಮನೆಯಲ್ಲೇ ಕೂತು ಓದಿದರೆ ಸಾಕಾ?

ಗಂಡನ ಎಚ್‌-1ಬಿ ಕೆಲಸದ ಜೊತೆ ಎಚ್‌-4 ವೀಸಾದಲ್ಲಿ ಕ್ಯಾಲಿಫೋರ್ನಿಯಾಗೆ ಬಂದ ನಮ್ಮ ಹೆಣ್ಣುಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. (ಕಮ್ಯುನಿಟಿ ಕಾಲೇಜು ಅಂದರೆ ಹೆಚ್ಚಾಗಿ ಎರಡು ವರ್ಷದ ಓದಿನ ಸಾರ್ವಜನಿಕ ಕಾಲೇಜು. ಎಚ್‌-1ಬಿ ಕೆಲಸದ ವೀಸಾ, ಎಚ್‌-4 ಅವರ ಕುಟುಂಬದವರ ವೀಸಾ.) ಇಬ್ಬರು ಗೆಳತಿಯರು ಉತ್ತರಿಸಿದ್ದಾರೆ.

ಪರ: ಆನ್‌ಲೈನ್ ಇಲ್ಲದಿದ್ದರೆ ನಾನು ಓದುತ್ತಲೇ ಇರಲಿಲ್ಲ

ನಾನು ಫ್ರೀಮಾಂಟ್‌ಗೆ ಬಂದಾಗ ಮಗಳಿಗೆ ಹತ್ತು ತಿಂಗಳು. ಮನೆಗೆ ಒಂದೇ ಕಾರು. ಬೆಳಿಗ್ಗೆ ಗಂಡನ ಜೊತೆ ಆಫೀಸಿಗೆ ಹೋದರೆ ಅದು ಬರುತ್ತಿದ್ದದ್ದು ಸಂಜೆಯೇ. ಮಗು ನೋಡಿಕೊಳ್ಳಲು ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಡೇಕೇರ್‌ಗೆ ಬಿಡೋಣ ಅಂದರೆ ಅದರ ಖರ್ಚು ಕಾಲೇಜು ಫೀಸಿಗಿಂತ ಎಷ್ಟೋ ಜಾಸ್ತಿ.

ಎಚ್‌-4ನಲ್ಲಿ ಕೆಲಸಕ್ಕೆ ಪರವಾನಗಿ ಬೇಕು, ಓದಲು ಬೇಡ. ವಿದ್ಯಾರ್ಥಿ ವೀಸಾವಾದ ಎಫ್‌-1ನಲ್ಲಿ ಬಂದವರಿಗೆ ಒಂದು ಸೆಮಿಸ್ಟರ್‌ನಲ್ಲಿ ಎಷ್ಟೇ ಆನ್‌ಲೈನ್ ಕೋರ್ಸ್ ತೆಗೆದುಕೊಂಡರೂ ಒಂದು ಮಾತ್ರ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಸೇರುತ್ತದೆ. ನಮಗೆ ಆ ಕಟ್ಟುಪಾಡಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಕೂತಿರುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಅರ್ಜಿಗೆ ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ಮಗಳು ಮಲಗಿದ್ದಾಗ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಅರ್ಜಿ ತುಂಬಿದೆ. ರಾಜ್ಯದ ನಿವಾಸಿಗೆ ಒಂದು ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಕ್ರೆಡಿಟ್) 46 ಡಾಲರ್, ಅಂದರೆ ಮೂರು ಯೂನಿಟ್‌ನ ಕೋರ್ಸ್‌ಗೆ 138. ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕ ಬೇರೆ. ಎಚ್‌-4ನವರೂ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ವಾಸವಿದ್ದು, ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ಈ ದರ ಪಡೆಯಬಹುದು.

ನಾನು ತೆಗೆದುಕೊಂಡದ್ದು ಮಕ್ಕಳ ಬೆಳವಣಿಗೆಯ ಕೋರ್ಸುಗಳು. ಖಾಸಗಿ ಪ್ರೀಸ್ಕೂಲ್‌ನಲ್ಲಿ ಟೀಚರ್ ಆಗಲು ರಾಜ್ಯದ ನಿಯಮ ಮುಖ್ಯವಾಗಿ ಕೇಳುವುದು 12 ಯೂನಿಟ್. ರಾತ್ರಿ ಒಂಬತ್ತಕ್ಕೆ ಪಾಠದ ವಿಡಿಯೊ ಹಾಕಿಕೊಂಡು ನೋಡುತ್ತಿದ್ದೆ, ಅರ್ಥವಾಗದಿದ್ದರೆ ನಿಲ್ಲಿಸಿ ಮತ್ತೆ ಕೇಳುತ್ತಿದ್ದೆ. ಹೊಸ ಉಚ್ಚಾರಣೆಗೆ ಕಿವಿ ಒಗ್ಗುವವರೆಗೆ ಅದು ದೊಡ್ಡ ಅನುಕೂಲ. ನಾವು ಬಚ್ಚಿಟ್ಟ ವಸ್ತುವನ್ನು ಮಗು ಹುಡುಕಲು ಶುರುಮಾಡುವುದು ಯಾವಾಗ ಎಂದು ಓದಿದ ಮರುದಿನ, ಚಮಚವನ್ನು ಟವೆಲ್ ಕೆಳಗಿಟ್ಟು ನೋಡಿದೆ. ಮಗಳು ಟವೆಲ್ ಎಳೆದು ನಕ್ಕಳು. ಮಗುವನ್ನು ಗಮನಿಸಿ ಬರೆಯಬೇಕಿದ್ದ ಆ ವಾರದ ಅಸೈನ್‌ಮೆಂಟ್‌ಗೆ ನಾನು ಎಲ್ಲೂ ಹೋಗಬೇಕಾಗಲಿಲ್ಲ.

ಕ್ಯಾಂಪಸ್ ಬೇಡ ಅನ್ನುತ್ತಿಲ್ಲ. ಕ್ಯಾಂಪಸ್ ಮುಟ್ಟಲು ಆಗದವರ ಕಥೆ ಹೇಳುತ್ತಿದ್ದೇನೆ.

ವಿರೋಧ: ಪರದೆ ಮುಂದೆ ಇನ್ನಷ್ಟು ಒಂಟಿಯಾದೆ

ಗೆಳತಿ ಬರೆದದ್ದೆಲ್ಲ ನಿಜ. ಆದರೆ ಹೊಸ ದೇಶದಲ್ಲಿ ಮನೆಯೊಳಗೇ ಉಳಿದವಳಿಗೆ ಮತ್ತೆ ಮನೆಯೊಳಗಿನ ಕಾಲೇಜೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ತೊಂದರೆ ಶುರುವಾದದ್ದು ಅರ್ಜಿಯಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ವಾಸ ಶುರುವಾದ ದಿನಾಂಕ ತಪ್ಪಾಗಿ ಹಾಕಿದೆ. ಕಂಪ್ಯೂಟರ್ ನನ್ನನ್ನು ಹೊರಗಿನವಳು ಎಂದು ಗುರುತಿಸಿತು, ಫೀಸು ಹಲವು ಪಟ್ಟು ಏರಿತು. ಇಮೇಲ್ ಮೇಲೆ ಇಮೇಲ್ ಬರೆದೆ. ಮೂರು ವಾರ ಬಂದದ್ದೆಲ್ಲ ಒಂದೇ ಸಿದ್ಧ ಉತ್ತರ. ಕೊನೆಗೆ ಬಾಡಿಗೆ ಕರಾರು, ತೆರಿಗೆ ಕಾಗದ, ಡ್ರೈವಿಂಗ್ ಲೈಸೆನ್ಸ್ ಹಿಡಿದು ಕಚೇರಿಗೇ ಹೋದೆ. ಕಿಟಕಿಯಾಚೆ ಕೂತಿದ್ದ ಹೆಂಗಸು ಹತ್ತು ನಿಮಿಷದಲ್ಲಿ ಸರಿಮಾಡಿ ಕೊಟ್ಟರು.

ಇನ್ನು ತರಗತಿ. ಪಾಠ ಮೊದಲೇ ರೆಕಾರ್ಡ್ ಆಗಿತ್ತು. ಭಾನುವಾರ ರಾತ್ರಿ 11:59ಕ್ಕೆ ಗಡುವು. ವಾರಕ್ಕೊಂದು ಚರ್ಚೆ ಬರೆದು ಇಬ್ಬರಿಗೆ ಉತ್ತರಿಸಬೇಕು. "ಚೆನ್ನಾಗಿ ಬರೆದಿದ್ದೀರಿ, ನಾನೂ ಒಪ್ಪುತ್ತೇನೆ" ಎಂದು ಎಲ್ಲರೂ ಎಲ್ಲರಿಗೂ ಬರೆಯುತ್ತಿದ್ದೆವು. ಅದನ್ನು ಮಾತುಕತೆ ಅನ್ನಲು ಆಗುತ್ತದಾ?

ಆ ಹೆಸರುಗಳೆಲ್ಲ ನಿಜವಾದ ಮನುಷ್ಯರದ್ದೇ ಅನ್ನುವ ಖಾತ್ರಿಯೂ ಈಗ ಇಲ್ಲ. ವಿದ್ಯಾರ್ಥಿ ನೆರವಿನ ಹಣ ಹೊಡೆಯಲು ಕಳ್ಳರು ಬಾಟ್‌ಗಳಿಂದ (ತಾನಾಗಿಯೇ ಕೆಲಸ ಮಾಡುವ ಕಂಪ್ಯೂಟರ್ ಪ್ರೋಗ್ರಾಂ) ನಕಲಿ ಅರ್ಜಿ ಹಾಕಿಸಿ, ಆನ್‌ಲೈನ್ ಕ್ಲಾಸುಗಳಲ್ಲಿ ಸೀಟು ಹಿಡಿಯುತ್ತಾರೆ. 2024ರ ಹೊತ್ತಿಗೆ ಸುಮಾರು ನಾಲ್ಕರಲ್ಲೊಂದು ಅರ್ಜಿ ನಕಲಿ ಇರಬಹುದೆಂದು ಕಾಲೇಜು ವ್ಯವಸ್ಥೆಯೇ ಅಂದಾಜು ಮಾಡಿತ್ತು. ನಿಜವಾಗಿ ಓದಬೇಕಾದವಳು ಕಾಯುವ ಪಟ್ಟಿಯಲ್ಲಿ ಉಳಿಯುತ್ತಾಳೆ. ಮೇಷ್ಟ್ರುಗಳು ಮೊದಲ ವಾರ ಪಾಠದ ಬದಲು ಯಾರು ಮನುಷ್ಯರು, ಯಾರು ಅಲ್ಲ ಎಂದು ಹುಡುಕುತ್ತಾರೆ. ಅದಕ್ಕೇ ಮೊದಲ ವಾರದ ಪರಿಚಯದ ಅಸೈನ್‌ಮೆಂಟ್ ತಪ್ಪಿಸಿದರೆ ನಿಮ್ಮ ಹೆಸರೂ ಹೊಡೆದು ಹೋಗಬಹುದು.

ನರ್ಸಿಂಗ್ ಥರದ ಓದಿಗೆ ಆಸ್ಪತ್ರೆಯಲ್ಲಿ ನಿಂತು ಕಲಿಯದೆ ದಾರಿಯೇ ಇಲ್ಲ, ಆ ಮಾತು ಬಿಡಿ. ಸುಲಭದ ವಿಷಯಕ್ಕೂ ನನಗೆ ಬೇಕಿದ್ದದ್ದು ಜನ.

ನಮ್ಮ ಮನೆಗೂ ಒಂದೇ ಕಾರು. ಹಾಗಾಗಿ ಮುಂದಿನ ಸೆಮಿಸ್ಟರ್‌ಗೆ ರಾತ್ರಿ ಏಳರ ಕ್ಲಾಸ್ ಹಿಡಿದೆ, ವಾರಕ್ಕೆ ಒಂದು ಸಲ. ಗಂಡ ಬಂದ ಕೂಡಲೇ ಮಗನನ್ನು ಅವರ ಕೈಗಿಟ್ಟು ಕೀ ತೆಗೆದುಕೊಂಡು ಹೊರಡುತ್ತಿದ್ದೆ. ಮೊದಲ ದಿನ ಪಕ್ಕದಲ್ಲಿ ಕೂತಿದ್ದ ವಿಯೆಟ್ನಾಂ ಮೂಲದ ಹಿರಿಯ ಹೆಂಗಸು ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು ನೋಡಿ, ಇದನ್ನು ಹೇಗೆ ಹೇಳಬೇಕು ಎಂದು ಕೇಳಿದರು. ಹೇಳಿಕೊಟ್ಟೆ. ಮೂರನೇ ಸಲಕ್ಕೆ ಸರಿಯಾಗಿ ಹೇಳಿದರು. ಹಿಂದಿನ ಸೆಮಿಸ್ಟರ್‌ನ ಅಷ್ಟೂ ವಾರ ಆ ಹೆಸರನ್ನು ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.